ಮೈಕ್ ಹಿಡಿದವರ ಕಣ್ಣು

2022ರ ಫೆಬ್ರುವರಿ 12ರಂದು ಬೆಂಗಳೂರಿನ ಐಟಿಸಿ ಗಾರ್ಡೇನಿಯಾ ಹೋಟೆಲಿನಲ್ಲಿ ಐಪಿಎಲ್ ಹರಾಜು ನಡೆದಿತ್ತು. ಶ್ರೀಲಂಕಾದ ವನಿಂದು ಹಸರಂಗ ಅವರ ಬೆಲೆ 10.75 ಕೋಟಿ ರೂಪಾಯಿಗೆ ಏರಿ ನಿಂತಿತ್ತು. ಅಷ್ಟರಲ್ಲಿ ಹರಾಜು ಕೂಗುತ್ತಿದ್ದ ಇಂಗ್ಲೆಂಡಿನ ಹ್ಯೂ ಎಡ್ಮೀಡ್ಸ್ ಇದ್ದಕ್ಕಿದ್ದಂತೆ ವೇದಿಕೆಯಿಂದ ಕುಸಿದುಬಿದ್ದರು. ರಕ್ತದೊತ್ತಡ ಇಳಿದು ಹಾಗಾಗಿತ್ತು, ಗಾಬರಿಪಡುವಂಥದ್ದೇನಿಲ್ಲ ಎಂದು ಆಮೇಲೆ ತಿಳಿಯಿತು. ಆದರೆ ಆ ಹೊತ್ತಿಗೆ ಹತ್ತು ತಂಡಗಳ ಮಾಲೀಕರು ಮೇಜಿನ ಮುಂದೆ, ಕೋಟ್ಯಂತರ ಜನ ಟಿವಿಯ ಮುಂದೆ, ಸುತ್ತಿಗೆ ಹಿಡಿಯಲು ಮಾತ್ರ ಯಾರೂ ಇಲ್ಲ. ಐಪಿಎಲ್ ಅಧ್ಯಕ್ಷ ಬ್ರಿಜೇಶ್ ಪಟೇಲ್ ಒಂದು ಫೋನ್ ಮಾಡಿದರು. ಎತ್ತಿದವರು ಟಿವಿಯ ಕ್ರೀಡಾ ನಿರೂಪಕ ಚಾರು ಶರ್ಮಾ. ಮನೆ ಹೋಟೆಲಿಗೆ ಹತ್ತಿರ. ಬಟ್ಟೆ ಬದಲಿಸಿಕೊಂಡು ಬಂದರು, ಪಟ್ಟಿಯ ಮೇಲೆ ಕಣ್ಣಾಡಿಸಿದರು, ವೇದಿಕೆ ಹತ್ತಿದರು. ಹಸರಂಗ 10.75 ಕೋಟಿಗೇ ಬೆಂಗಳೂರು ತಂಡಕ್ಕೆ ಹೋದರು. ಅದೇ ಸಂಜೆ ಇಶಾನ್ ಕಿಶನ್ 15.25 ಕೋಟಿಗೆ ಮುಂಬೈಗೆ, ನಮ್ಮ ಪ್ರಸಿದ್ಧ್ ಕೃಷ್ಣ 10 ಕೋಟಿಗೆ ರಾಜಸ್ಥಾನಕ್ಕೆ ಹೋದದ್ದು ಶರ್ಮಾ ಅವರ ಸುತ್ತಿಗೆಯ ಪೆಟ್ಟಿನಿಂದಲೇ.

ಈ ಫೋನ್ ಕರೆಗೆ ಒಂದು ಹಿನ್ನೆಲೆಯಿದೆ. 2008ರಲ್ಲಿ ಐಪಿಎಲ್ ಶುರುವಾದಾಗ ಬೆಂಗಳೂರು ರಾಯಲ್ ಚಾಲೆಂಜರ್ಸ್ ತಂಡದ ಮೊದಲ ಸಿಇಒ ಆಗಿದ್ದವರು ಇದೇ ಚಾರು ಶರ್ಮಾ. ಏಪ್ರಿಲ್ 18ರ ಉದ್ಘಾಟನಾ ಪಂದ್ಯದಲ್ಲೇ ಎದುರಾಳಿ ತಂಡದ ಬ್ರೆಂಡನ್ ಮೆಕಲಮ್ ಔಟಾಗದೆ 158 ಹೊಡೆದರು. ಬೆಂಗಳೂರು 82ಕ್ಕೆ ಗಂಟುಮೂಟೆ ಕಟ್ಟಿ 140 ರನ್ನುಗಳಿಂದ ಸೋತಿತು. ಸೋಲಿನ ಮೇಲೆ ಸೋಲು ಬಂತು. ಟೂರ್ನಿ ಮುಗಿಯುವ ಮೊದಲೇ, ಮೇ ತಿಂಗಳಲ್ಲಿ ಶರ್ಮಾ ಹುದ್ದೆಯಿಂದ ಹೊರಬಿದ್ದರು. ಆ ಕುರ್ಚಿಯಲ್ಲಿ ಬಂದು ಕೂತವರು ಬ್ರಿಜೇಶ್ ಪಟೇಲ್! ಕ್ರಿಕೆಟ್ಟಿನ ಲೋಕ ಚಿಕ್ಕದು, ಬೆಂಗಳೂರಿನ ಕ್ರಿಕೆಟ್ ಲೋಕ ಇನ್ನೂ ಚಿಕ್ಕದು.

ಹರಾಜು ಕೂಗುವುದು ಶರ್ಮಾ ಅವರ ಕಸುಬಲ್ಲ. ಆದರೂ ಕರೆದವರಿಗೆ ಅವರ ಹೆಸರೇ ನೆನಪಾಯಿತು. ಮೂರು ದಶಕ ಟಿವಿ ಕ್ಯಾಮೆರಾದ ಮುಂದೆ ಆಟಗಳ ಬಗ್ಗೆ ಮಾತಾಡಿದವರ ಕೈಯಲ್ಲಿ ಯಾವ ವಿದ್ಯೆ ಇರುತ್ತದೆ ಎಂಬುದಕ್ಕೆ ಆ ದಿನ ಒಳ್ಳೆಯ ಉದಾಹರಣೆ. ಎದುರಿಗೆ ಹತ್ತು ಮೇಜು, ಯಾರ ಕೈ ಯಾವಾಗ ಏಳುತ್ತದೋ ಗೊತ್ತಿಲ್ಲ, 25 ಲಕ್ಷದ ಮೆಟ್ಟಿಲಿನಲ್ಲಿ ಬೆಲೆ ಏರುತ್ತಿದೆ, ಕಾಲದ ಲೆಕ್ಕ ತಪ್ಪಬಾರದು, ಮುಖದಲ್ಲಿ ಅವಸರ ಕಾಣಬಾರದು. ಇದರಲ್ಲಿ ಮಾತಿನ ಪಾಲು ಕಡಿಮೆ. ಹೆಚ್ಚಿನದು ನೋಟದ ಕೆಲಸ. ಆ ನೋಟವೂ ಒಮ್ಮೆ ತಪ್ಪಿತು. ಎಡಗೈ ವೇಗಿ ಖಲೀಲ್ ಅಹಮದ್ ಸರದಿಯಲ್ಲಿ ಮುಂಬೈ ಮತ್ತು ಡೆಲ್ಲಿಯ ಕೂಗು ಗೊಂದಲವಾಗಿ 5.25 ಕೋಟಿಗೆ ಡೆಲ್ಲಿಗೆ ಸುತ್ತಿಗೆ ಬಿತ್ತು. ಜನ ಅದರ ವಿಡಿಯೊ ತುಣುಕನ್ನು ತಿರುಗಾ ಮುರುಗಾ ನೋಡಿ ನಕ್ಕರು. ಎಡ್ಮೀಡ್ಸ್ ಎರಡನೆಯ ದಿನದ ಕೊನೆಗೆ ಚೇತರಿಸಿಕೊಂಡು ಬಂದಾಗ ಶರ್ಮಾ ಸುತ್ತಿಗೆ ಅವರ ಕೈಗೇ ಕೊಟ್ಟರು.

ಶರ್ಮಾ ಓದಿದ್ದು ರಾಜಸ್ಥಾನದ ಅಜ್ಮೇರಿನ ಮೇಯೋ ಕಾಲೇಜಿನಲ್ಲಿ, ನೆಲೆ ನಿಂತದ್ದು ಬೆಂಗಳೂರಿನಲ್ಲಿ. ಭಾರತದ ಪರ ಒಂದು ಪಂದ್ಯವನ್ನೂ ಆಡಿದವರಲ್ಲ. ಕ್ರಿಕೆಟ್, ಗಾಲ್ಫ್, ಕ್ವಿಜ್, ಸಭೆ ಸಮಾರಂಭಗಳ ನಿರೂಪಣೆ, ಎಲ್ಲ ಕಡೆಯೂ ಅದೇ ತಣ್ಣನೆಯ ದನಿ. 2003ರ ವಿಶ್ವಕಪ್ ನೋಡಿದ ತಲೆಮಾರಿಗೆ ಅವರ ಮುಖ ಚೆನ್ನಾಗಿ ನೆನಪಿರಬೇಕು. ಸೆಟ್ ಮ್ಯಾಕ್ಸ್ ವಾಹಿನಿಯ 'ಎಕ್ಸ್‌ಟ್ರಾ ಇನ್ನಿಂಗ್ಸ್' ಕಾರ್ಯಕ್ರಮದಲ್ಲಿ ಮಂದಿರಾ ಬೇಡಿ ಪಕ್ಕದಲ್ಲಿ ಕೂರುತ್ತಿದ್ದವರು ಅವರೇ. ಆಗ ಇಡೀ ದೇಶ ಮಂದಿರಾ ಅವರ ಸೀರೆಯ ಬಗ್ಗೆ ಚರ್ಚೆ ಮಾಡಿತು. ಆಟ ಬಲ್ಲವರು 'ಇದೇನು ತಮಾಷೆ' ಎಂದು ಮೂಗು ಮುರಿದರು. ನನಗೆ ಆ ಕಾರ್ಯಕ್ರಮದ ಗದ್ದಲ ಎಂದೂ ಇಷ್ಟವಾಗಲಿಲ್ಲ. ಆದರೆ ಅದು ಅಡುಗೆಮನೆಯಲ್ಲಿದ್ದವರನ್ನು ಟಿವಿಯ ಮುಂದೆ ಕೂರಿಸಿದ್ದು ನಿಜ, ಅಲ್ಲಿ ತೂಕ ತಪ್ಪದಂತೆ ಮಾತು ನಡೆಸಿದವರು ಶರ್ಮಾ ಎಂಬುದೂ ನಿಜ.

ಇಂಥ ಒಬ್ಬ ಮನುಷ್ಯನಿಗೆ ಹೊಟ್ಟೆಪಾಡು ಒದಗಿಸುವ ಲೋಕ ಹುಟ್ಟಿದ್ದೇ ತೀರಾ ಈಚೆಗೆ. ನಾನು ಬರೆಯುತ್ತಿರುವುದು ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯ ಕಡೆಯಿಂದ. ದುರದುಂಡೀಶ್ವರ ಮಠದ ಊರು. ಪಕ್ಕದಲ್ಲೇ ಸಂಕೇಶ್ವರ, ಆಚೆ ಮಹಾರಾಷ್ಟ್ರ. ಇಲ್ಲಿಯ ಹಿರಿಯರು ಆಟ 'ನೋಡಿದ್ದು' ಕಿವಿಯಿಂದ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಒಂದು ಕಡೆ, 1963ರ ಸಾಂಗಲಿ ಕೇಂದ್ರ ಇನ್ನೊಂದು ಕಡೆ. ಟೆಸ್ಟ್ ಪಂದ್ಯವಿದ್ದರೆ ಮರಾಠಿಯಲ್ಲಿ ಪುಣೆಯ ಬಾಳ ಪಂಡಿತ, ಹಿಂದಿಯಲ್ಲಿ ಸುಶೀಲ್ ದೋಷಿ. ಹಾಕಿ ಇದ್ದರೆ ಜಸದೇವ್ ಸಿಂಗ್. ಕನ್ನಡದವರ ಕಿವಿಗೆ ಕ್ರಿಕೆಟ್ ಬಂದದ್ದು ಹೆಚ್ಚಾಗಿ ಬೇರೆಯವರ ಭಾಷೆಯಲ್ಲಿ. ಕನ್ನಡದ ನೇರ ವಿವರಣೆ ಎಂದರೆ ನಮಗೆ ಮೈಸೂರು ದಸರೆಯ ಜಂಬೂಸವಾರಿ. ಬಾಳ ಪಂಡಿತರ ಮರಾಠಿ ಕೇಳಿ ಆಟದ ನಡೆ ಕಲಿತ ಕನ್ನಡಿಗರು ಈ ಗಡಿಯಲ್ಲಿ ಇಂದಿಗೂ ಸಿಗುತ್ತಾರೆ. ಅದನ್ನು ಭಾಷಾಭಿಮಾನದ ತಕ್ಕಡಿಯಲ್ಲಿ ತೂಗುವುದು ಬೇಡ. ಒಳ್ಳೆಯ ವಿವರಣೆ ಕೇಳಿದವರು ಅವರು, ಅಷ್ಟೇ.

ರೇಡಿಯೊದವನು ಎಲ್ಲವನ್ನೂ ಹೇಳಬೇಕು. ಬೌಲರ್ ಯಾವ ತುದಿಯಿಂದ ಬಂದ, ಚೆಂಡು ಎಲ್ಲಿ ಪುಟಿಯಿತು, ಮೋಡ ಕವಿದಿದೆಯೋ, ಸ್ಕೋರ್ ಎಷ್ಟು. ಅವನು ಬಾಯಿ ಮುಚ್ಚಿದರೆ ಆಟವೇ ನಿಂತಂತೆ. ಟಿವಿಯಲ್ಲಿ ಲೆಕ್ಕ ತಿರುಗುಮುರುಗು. ಚೆಂಡು ಬೌಂಡರಿಗೆ ಹೋದದ್ದು ನನಗೇ ಕಾಣುತ್ತದೆ, 'ಚೆಂಡು ಬೌಂಡರಿಗೆ ಹೋಯಿತು' ಎಂದು ನನಗೇಕೆ ಹೇಳಬೇಕು? ಆಸ್ಟ್ರೇಲಿಯಾದ ರಿಚಿ ಬೆನೋ ಈ ಕಸುಬಿನ ದೊಡ್ಡ ಮೇಷ್ಟ್ರು. ಚಿತ್ರಕ್ಕೆ ಏನಾದರೂ ಸೇರಿಸಲು ಇದ್ದರೆ ಮಾತ್ರ ಮಾತಾಡಬೇಕು ಎಂಬುದು ಅವರ ನಿಯಮ. ನಮ್ಮ ಟಿವಿಯಲ್ಲಿ ಈ ನಿಯಮ ಪಾಲಿಸುವವರು ಕಡಿಮೆ. ಮೂವರು ಕೂತು ಒಬ್ಬರ ಮಾತನ್ನೊಬ್ಬರು ತುಂಡರಿಸುತ್ತ ರೇಡಿಯೊವನ್ನೇ ಟಿವಿಯಲ್ಲಿ ನಡೆಸುತ್ತಾರೆ.

ದೂರದರ್ಶನ ಒಂದೇ ಇದ್ದ ಕಾಲದಲ್ಲಿ ವಿವರಣೆಗಾರನಿಗೆ ಸರ್ಕಾರಿ ಪಟ್ಟಿಯಲ್ಲಿ ಹೆಸರಿರಬೇಕಿತ್ತು. ಸ್ವಲ್ಪ ಹೊತ್ತು ಹಿಂದಿ, ಸ್ವಲ್ಪ ಹೊತ್ತು ಇಂಗ್ಲಿಷ್. 1993ರ ಹೀರೊ ಕಪ್ ಹೊತ್ತಿಗೆ ಬಂಗಾಳದ ಕ್ರಿಕೆಟ್ ಸಂಸ್ಥೆ ಪ್ರಸಾರದ ಹಕ್ಕನ್ನು ವಿದೇಶಿ ಕಂಪನಿಗೆ ಕೊಟ್ಟದ್ದು ಜಗಳವಾಗಿ ಸುಪ್ರೀಂ ಕೋರ್ಟ್ ತನಕ ಹೋಯಿತು. ಆಕಾಶದ ಅಲೆಗಳು ಸಾರ್ವಜನಿಕರ ಆಸ್ತಿ, ಅದರ ಮೇಲೆ ಸರ್ಕಾರವೊಂದೇ ಹಿಡಿತ ಇಟ್ಟುಕೊಳ್ಳುವಂತಿಲ್ಲ ಎಂದು ಕೋರ್ಟ್ 1995ರ ಫೆಬ್ರುವರಿಯಲ್ಲಿ ಹೇಳಿತು. ಅಲ್ಲಿಂದ ಇಎಸ್‌ಪಿಎನ್, ಸ್ಟಾರ್ ಸ್ಪೋರ್ಟ್ಸ್ ಬಂದವು, ದಿನವಿಡೀ ಆಟ ತೋರಿಸುವ ವಾಹಿನಿಗಳಿಗೆ ದಿನವಿಡೀ ಮಾತಾಡುವವರು ಬೇಕಾದರು. ಚಾರು ಶರ್ಮಾ, ಹೈದರಾಬಾದಿನ ಹರ್ಷ ಭೋಗ್ಲೆ ಮುಂತಾದ, ದೊಡ್ಡ ಮಟ್ಟದಲ್ಲಿ ಆಡದಿದ್ದರೂ ಆಟ ಬಲ್ಲವರಿಗೆ ಬಾಗಿಲು ತೆರೆದದ್ದು ಆಗಲೇ.

ಆ ಬಾಗಿಲೊಳಗಿನ ಕೆಲಸ ಹೊರಗಿನಿಂದ ಕಾಣುವಷ್ಟು ಸಲೀಸಲ್ಲ. ನಿರೂಪಕನ ಕಿವಿಯಲ್ಲೊಂದು ಪುಟ್ಟ ಇಯರ್‌ಪೀಸ್ ಇರುತ್ತದೆ. ಅದರಲ್ಲಿ ನಿರ್ಮಾಪಕ ಮಾತಾಡುತ್ತಲೇ ಇರುತ್ತಾನೆ: ಈಗ ರೀಪ್ಲೇ ಬರುತ್ತದೆ, ಜಾಹೀರಾತಿಗೆ ಎಂಟು ಸೆಕೆಂಡಿದೆ, ಅತಿಥಿಯ ಮಾತು ಮುಗಿಸು. ಇತ್ತ ಅತಿಥಿಗೆ ಕೇಳಿದ ಪ್ರಶ್ನೆಯ ಉತ್ತರವನ್ನೂ ಕೇಳಿಸಿಕೊಳ್ಳಬೇಕು, ಮುಂದಿನ ಪ್ರಶ್ನೆಯನ್ನೂ ಕಟ್ಟಬೇಕು, ಎಂಟನೆಯ ಸೆಕೆಂಡಿಗೆ ಸರಿಯಾಗಿ ವಾಕ್ಯವೂ ಮುಗಿಯಬೇಕು. ಅರ್ಧ ವಾಕ್ಯದ ಮೇಲೆ ಸೋಪಿನ ಜಾಹೀರಾತು ಬಿದ್ದರೆ ತಪ್ಪು ಅವನದೇ. ಇನ್ನೊಂದು ಗುಟ್ಟು: ನಾವು ಕೇಳುವ ಎಷ್ಟೋ ಪಂದ್ಯಗಳ ವಿವರಣೆ ಮೈದಾನದಿಂದ ಬರುವುದೇ ಇಲ್ಲ. ಚಿತ್ರ ಎಲ್ಲಿಂದಲೋ ಬರುತ್ತದೆ, ಮುಂಬೈಯ ಸ್ಟುಡಿಯೊದ ಸಣ್ಣ ಕೋಣೆಯಲ್ಲಿ ಪರದೆ ನೋಡುತ್ತ ಇವರು ಮಾತಾಡುತ್ತಾರೆ. 'ಆಫ್ ಟ್ಯೂಬ್' ಎಂದು ಅದಕ್ಕೆ ಹೆಸರು. ಕ್ಯಾಮೆರಾ ತೋರಿಸದ್ದನ್ನು ಅವರೂ ಕಾಣರು. ಪ್ರಾದೇಶಿಕ ಭಾಷೆಗಳ ವಿವರಣೆ ಬಹುಪಾಲು ಹೀಗೇ ನಡೆಯುತ್ತದೆ, ಖರ್ಚು ಕಡಿಮೆ.

ಕೆಲಸಕ್ಕೆ ಭದ್ರತೆಯೂ ಇಲ್ಲ. ಸರಣಿಯಿಂದ ಸರಣಿಗೆ ಕರಾರು. ದೇಶದ ಮೂಲೆಮೂಲೆಗೂ ಗೊತ್ತಿದ್ದ ದನಿಯ ಭೋಗ್ಲೆ ಅವರನ್ನೇ 2016ರ ಐಪಿಎಲ್ ಹೊಸ್ತಿಲಲ್ಲಿ ಕೈಬಿಟ್ಟರು, ಸರಿಯಾದ ಕಾರಣವನ್ನೂ ಹೇಳಲಿಲ್ಲ. ಮುಂದೆ ಅವರು ಮರಳಿ ಬಂದರು ಎಂಬುದು ಬೇರೆ ಮಾತು. ಮತ್ತೊಂದು ಕಡೆಯಿಂದ ನಿವೃತ್ತ ಆಟಗಾರರು ಕುರ್ಚಿಗಳನ್ನೆಲ್ಲ ತುಂಬುತ್ತಿದ್ದಾರೆ. ನೂರು ಟೆಸ್ಟ್ ಆಡಿದವನ ಮುಂದೆ ಆಡದವನ ಮಾತಿಗೆ ಬೆಲೆ ಯಾಕೆ ಕೊಡಬೇಕು ಎಂಬುದು ವಾಹಿನಿಗಳ ವಾದ. ಆದರೆ ಆಟಗಾರನಿಗೆ ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿದೆ ಎಂಬ ಭಾವನೆ ಇರುತ್ತದೆ. ಆಡದವನು ಕೇಳುಗನ ಪರವಾಗಿ ಪ್ರಶ್ನೆ ಕೇಳುತ್ತಾನೆ. ಆ ಜಾಗ ಕಿರಿದಾಗುತ್ತಿರುವುದು ನಷ್ಟವೇ.

ಚಾರು ಶರ್ಮಾ ಬರೀ ಕ್ರಿಕೆಟ್ ಮಾತಾಡಿಕೊಂಡಿದ್ದರೆ ನಿಡಸೋಸಿಯಲ್ಲಿ ಕೂತು ನಾನು ಅವರ ಬಗ್ಗೆ ಬರೆಯುತ್ತಿರಲಿಲ್ಲ. 2006ರಲ್ಲಿ ಕತಾರಿನ ದೋಹಾದಲ್ಲಿ ಏಷ್ಯನ್ ಕ್ರೀಡಾಕೂಟ. ಅಲ್ಲಿ ಕಬಡ್ಡಿಗೆ ವಿವರಣೆ ಹೇಳುವ ಕೆಲಸ ಅವರಿಗೆ ಬಂತು. ಭಾರತಕ್ಕೆ ಅದು ಗೆದ್ದಿಟ್ಟ ಚಿನ್ನ. 1990ರ ಬೀಜಿಂಗ್‌ನಿಂದ ಪುರುಷರು ಪ್ರತಿ ಸಲ ಗೆಲ್ಲುತ್ತಲೇ ಬಂದಿದ್ದರು, ಪತ್ರಿಕೆಯಲ್ಲಿ ಒಂದು ಮೂಲೆಯ ಸುದ್ದಿಯಾಗಿ ಮುಗಿಯುತ್ತಿತ್ತು. ಆದರೆ ಮೈಕ್ ಮುಂದೆ ಕೂತು, ಪರದೆ ನೋಡುತ್ತ ಆಟವನ್ನು ಹೊರಗಿನವರಿಗೆ ಬಿಡಿಸಿ ಹೇಳುವಾಗ ಶರ್ಮಾ ಅವರಿಗೆ ಬೇರೇನೋ ಕಂಡಿತು. ಈ ಆಟ ಟಿವಿಗಾಗಿಯೇ ಹುಟ್ಟಿದಂತಿದೆ! 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ. ಎರಡು ಕ್ಯಾಮೆರಾ ಸಾಕು, ಹದಿನಾಲ್ಕೂ ಜನ ಕಾಣುತ್ತಾರೆ. ಒಳಾಂಗಣದಲ್ಲಿ ಆಡಬಹುದು, ಮಳೆಯ ಹಂಗಿಲ್ಲ. 20 ನಿಮಿಷಕ್ಕೊಂದು ಅವಧಿ, ರಾತ್ರಿ ಊಟದ ಹೊತ್ತಿಗೆ ಎರಡು ಪಂದ್ಯ ಮುಗಿಯುತ್ತವೆ. ದೋಹಾದ ಆ ಅನುಭವದಿಂದಲೇ ಲೀಗ್ ಯೋಚನೆ ಮೊಳೆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಅದನ್ನು ನೆಲಕ್ಕೆ ತರಲು ಎಂಟು ವರ್ಷ ಹಿಡಿಯಿತು. ಉದ್ಯಮಿ ಆನಂದ್ ಮಹೀಂದ್ರಾ ಜೊತೆ ಸೇರಿ ಕಟ್ಟಿದ ಮಶಾಲ್ ಸ್ಪೋರ್ಟ್ಸ್ ಕಂಪನಿ, ಸ್ಟಾರ್ ವಾಹಿನಿಯ ಪ್ರಸಾರ, ಎಂಟು ತಂಡ. 2014ರ ಜುಲೈ 26ರಂದು ಮುಂಬೈಯಲ್ಲಿ ಪ್ರೊ ಕಬಡ್ಡಿಯ ಮೊದಲ ಪಂದ್ಯ. ಆ ಮೊದಲ ಋತುವನ್ನೇ 43.5 ಕೋಟಿ ಜನ ನೋಡಿದರೆಂದು ಲೆಕ್ಕ ಬಂತು; ಆ ವರ್ಷ ಅದಕ್ಕಿಂತ ಹೆಚ್ಚು ಜನ ನೋಡಿದ ಲೀಗ್ ಐಪಿಎಲ್ ಒಂದೇ.

ಟಿವಿಗೆ ಹೊಂದಲು ಆಟವೂ ಬದಲಾಯಿತು. ನಮ್ಮ ಹೊಲಗದ್ದೆಯ ಕಬಡ್ಡಿಯಲ್ಲಿ ಉಸಿರೇ ಗಡಿಯಾರ. ಗಟ್ಟಿ ಉಸಿರಿನವನು ಎದುರಾಳಿಯ ಅಂಗಳದಲ್ಲಿ ಬೇಕಾದಷ್ಟು ಹೊತ್ತು ಅಡ್ಡಾಡಬಹುದು. ಉಸಿರು ಬಿಟ್ಟನೋ ಇಲ್ಲವೋ ಎಂಬ ಜಗಳಕ್ಕೆ ಕೊನೆಯಿಲ್ಲ, ಅದನ್ನು ಕ್ಯಾಮೆರಾ ತೋರಿಸಲಾರದು. ಈಗ ರೈಡಿಗೆ 30 ಸೆಕೆಂಡ್, ಪರದೆಯ ಮೇಲೆ ಅಂಕಿ ಇಳಿಯುತ್ತದೆ. ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಬೇಕು, ಇಲ್ಲದಿದ್ದರೆ ರೈಡರೇ ಔಟ್; ಅದು 'ಡು ಆರ್ ಡೈ'. ಹಿಡಿಯುವವರು ಮೂವರು ಅಥವಾ ಅದಕ್ಕಿಂತ ಕಡಿಮೆ ಉಳಿದಾಗ ಹಿಡಿದರೆ ಒಂದು ಅಂಕ ಹೆಚ್ಚು, ಅದು 'ಸೂಪರ್ ಟ್ಯಾಕಲ್'. ಈ ನಿಯಮಗಳು ವಿವರಣೆಗಾರನಿಗೆ ಪ್ರತಿ ಅರ್ಧ ನಿಮಿಷಕ್ಕೊಂದು ಆರಂಭ, ಒಂದು ಕುತೂಹಲ, ಒಂದು ಮುಕ್ತಾಯ ಕೊಟ್ಟವು. ಮಾತಾಡುವವನ ಕಷ್ಟ ಬಲ್ಲವರು ಕಟ್ಟಿದ ಆಟವಿದು ಎಂದು ನನಗೆ ಅನ್ನಿಸುವುದು ಇಲ್ಲೇ. ಮಣ್ಣಿನ ಕಬಡ್ಡಿ ಸತ್ತಿತು ಎಂದು ಹಲುಬುವ ಹಳಬರೂ ನಮ್ಮಲ್ಲಿದ್ದಾರೆ. ಅವರ ಮಾತು ಪೂರ್ತಿ ಸುಳ್ಳಲ್ಲ. ಮ್ಯಾಟ್ ಮೇಲೆ ಬೂಟು ಹಾಕಿ ಆಡುವ ಆಟಕ್ಕೆ ಬೇರೆ ಮೈ ಬೇಕು, ಹಳ್ಳಿಯ ಹುಡುಗನಿಗೆ ಮ್ಯಾಟ್ ಎಲ್ಲಿಂದ ಬರಬೇಕು?

ಹೆಣ್ಣುಮಕ್ಕಳ ವಿಷಯದಲ್ಲಿ ಈ ಲೀಗ್ ಬಾಕಿ ಉಳಿಸಿಕೊಂಡಿದೆ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡೆಯಲ್ಲಿ ಮಹಿಳಾ ಕಬಡ್ಡಿಗೆ ಮೊದಲ ಚಿನ್ನ ಬಂದಾಗ ತಂಡದಲ್ಲಿ ನಮ್ಮ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇದ್ದರು. 2016ರಲ್ಲಿ ಮೂರೇ ತಂಡಗಳ ಮಹಿಳಾ ಲೀಗ್ ನಡೆಯಿತು. ಫೈನಲ್ಲಿಗೆ ಬಂದ ಎರಡೂ ತಂಡಗಳ ನಾಯಕಿಯರು ಇವರಿಬ್ಬರೇ! ಅಂಥದ್ದೊಂದು ಕತೆ ಕೈಯಲ್ಲಿದ್ದೂ ವಾಹಿನಿ ಅದನ್ನು ಮುಂದುವರಿಸಲಿಲ್ಲ. ಒಂದು ಋತುವಿಗೇ ಪರದೆ ಬಿತ್ತು. ಮಾತಿನ ಲೋಕದವರು ಕತೆ ಕಾಣದೆ ಹೋದದ್ದು ಸೋಜಿಗ.

ಕಾಕತಾಳೀಯ ಒಂದನ್ನು ಹೇಳಬೇಕು. ಶರ್ಮಾ ಐಪಿಎಲ್ ಸುತ್ತಿಗೆ ಹಿಡಿದ ಆ ಫೆಬ್ರುವರಿಯಲ್ಲಿ ಪ್ರೊ ಕಬಡ್ಡಿಯ ಎಂಟನೆಯ ಋತು ಬೆಂಗಳೂರಿನಲ್ಲೇ ನಡೆದಿತ್ತು. ಕೊರೊನಾ ಕಾರಣಕ್ಕೆ ಎಲ್ಲ ತಂಡಗಳನ್ನೂ ವೈಟ್‌ಫೀಲ್ಡಿನ ಒಂದು ಹೋಟೆಲಿನಲ್ಲಿ ಕೂಡಿಹಾಕಿ, ಪ್ರೇಕ್ಷಕರಿಲ್ಲದೆ ಆಡಿಸುತ್ತಿದ್ದರು. ಊರಿನ ಒಂದು ಹೋಟೆಲಿನಲ್ಲಿ ಅವರು ಬೇರೆಯವರ ಆಟಗಾರರನ್ನು ಮಾರುತ್ತಿದ್ದಾಗ ಇನ್ನೊಂದರಲ್ಲಿ ಅವರೇ ಕನಸಿದ ಲೀಗ್ ನಡೆಯುತ್ತಿತ್ತು.

ಟಿವಿಯಲ್ಲಿ ಆಟದ ವಿವರಣೆಯ ಭಾಗ್ಯ ಕನ್ನಡಕ್ಕೆ ತಡವಾಗಿ ಬಂತು. 2018ರ ಐಪಿಎಲ್‌ನಲ್ಲಿ ಸ್ಟಾರ್ ಕನ್ನಡ ವಿವರಣೆ ಕೊಟ್ಟಿತು, ಆ ವರ್ಷದ ಕೊನೆಗೆ ಕನ್ನಡಕ್ಕೇ ಒಂದು ಕ್ರೀಡಾ ವಾಹಿನಿ ಬಂತು. ವಿಜಯ್ ಭಾರದ್ವಾಜ್ ಅವರ ದನಿ ಮನೆಮನೆಯದಾಯಿತು. 1998–99ರ ರಣಜಿ ಫೈನಲ್ಲಿನ ಕೊನೆಯ ದಿನ ಮಧ್ಯಪ್ರದೇಶದ ಆರು ವಿಕೆಟ್ ಕಿತ್ತು ಕರ್ನಾಟಕಕ್ಕೆ ಕಪ್ ತಂದವರು, ಅದೇ 1999ರಲ್ಲಿ ನೈರೋಬಿಯ ಎಲ್‌ಜಿ ಕಪ್‌ನಲ್ಲಿ ಸರಣಿ ಶ್ರೇಷ್ಠರಾದವರು, ಆಮೇಲೆ ಹೆಚ್ಚು ಕಾಲ ಭಾರತಕ್ಕೆ ಆಡಲಿಲ್ಲ. ಅಂಗಳದಲ್ಲಿ ಸಿಗದ ಉದ್ದನೆಯ ಇನ್ನಿಂಗ್ಸ್ ಮೈಕ್ ಮುಂದೆ ಸಿಕ್ಕಿತು. 2023ರಲ್ಲಿ ಜಿಯೊಸಿನಿಮಾ ಐಪಿಎಲ್ ಅನ್ನು ಮೊಬೈಲಿನಲ್ಲಿ ಪುಕ್ಕಟೆ ತೋರಿಸಿತು. ಕಡೂರಿನ ವೇದಾ ಕೃಷ್ಣಮೂರ್ತಿ, ದಾವಣಗೆರೆಯ ವಿನಯ್ ಕುಮಾರ್ ಕೂಡ ಕನ್ನಡದಲ್ಲಿ ಮಾತಾಡಿದರು. ಇವರೆಲ್ಲ ಒಳ್ಳೆಯ ಆಟಗಾರರು. ಆದರೆ ಟಿವಿಯ ಕನ್ನಡ ಇನ್ನೂ ಬೆಂಗಳೂರು–ಮೈಸೂರಿನ ಕನ್ನಡವೇ. ಹುಕ್ಕೇರಿ, ಗೋಕಾಕ, ಮೂಡಲಗಿಯ ಮಾತು ಅಲ್ಲಿ ಕೇಳುವುದು ಯಾರಾದರೂ ತಮಾಷೆಗೆ ಅಣಕಿಸಿದಾಗ ಮಾತ್ರ.

ಹಾಗಂತ ಆ ಮಾತಿಗೆ ಮೈಕ್ ಸಿಕ್ಕಿಲ್ಲ ಎಂದಲ್ಲ. ನಮ್ಮ ಕಡೆಯ ಜಾತ್ರೆಯ ಕುಸ್ತಿಗೆ, ಹೊನಲು ಬೆಳಕಿನ ಕಬಡ್ಡಿಗೆ ಬನ್ನಿ. ಕುಸ್ತಿಯಲ್ಲಿ ಹಲಗಿಯ ಸಪ್ಪಳದ ನಡುವೆ ಜೋಡಿಯ ಹೆಸರು, ಗರಡಿ, ಊರು, ಸೋಲು-ಗೆಲುವು ತೀರ್ಮಾನವಾಗುವವರೆಗೆ ನಡೆಯುವ ನಿಕಾಲಿ ಕುಸ್ತಿಯ ಬಹುಮಾನ, ಎಲ್ಲವನ್ನೂ ಬಾಯಿಪಾಠ ಒಪ್ಪಿಸುವ ನಿರೂಪಕರಿದ್ದಾರೆ. ಕನ್ನಡದಲ್ಲಿ ಶುರುಮಾಡಿ, ಕೊಲ್ಲಾಪುರದ ಪೈಲವಾನ ಕಣಕ್ಕೆ ಇಳಿದ ಕೂಡಲೇ ಮರಾಠಿಗೆ ಹೊರಳಿ, ಮತ್ತೆ ಕನ್ನಡಕ್ಕೆ ಬರುವುದು ಅವರಿಗೆ ಲೀಲಾಜಾಲ. ಸ್ಟುಡಿಯೊದಲ್ಲಿ ಮೂರು ಭಾಷೆಗೆ ಮೂರು ತಂಡ ಇಡುತ್ತಾರೆ, ಇಲ್ಲಿ ಒಬ್ಬನೇ ಎಲ್ಲ. ಕಬಡ್ಡಿಯಲ್ಲಂತೂ ಟಿವಿ ಊರೊಳಗೆ ಬಂದೇಬಿಟ್ಟಿದೆ. ಹತ್ತು ವರ್ಷದ ಹಿಂದೆ 'ಏ ತಮ್ಮಾ, ಗೆರಿ ನೋಡ್ಕೋ, ಉಸರ ಬಿಡಬ್ಯಾಡ' ಎನ್ನುತ್ತಿದ್ದ ಮೈಕಿನಲ್ಲಿ ಈಗ 'ಡು ಆರ್ ಡೈ ರೈಡ್ ಐತ್ರೀ, ಟೈಮ್ ಮುಗೀಲಿಕತ್ತೇತಿ' ಕೇಳುತ್ತದೆ. ದೋಹಾದಲ್ಲಿ ಮೊಳೆತ ಯೋಚನೆ ಹಿರಣ್ಯಕೇಶಿ ದಂಡೆಯವರೆಗೆ ಬಂದು ಈ ರೂಪ ತಾಳಿದೆ.

ಇತ್ತೀಚೆಗೆ ಇಂಥ ಪಂದ್ಯಾವಳಿಗಳನ್ನು ಹುಡುಗರು ಮೊಬೈಲಿನಲ್ಲೇ ಯೂಟ್ಯೂಬಿಗೆ ನೇರ ಹಾಕುತ್ತಾರೆ. ಪುಣೆಯಲ್ಲಿ ಕಂಪನಿ ಕೆಲಸಕ್ಕೆ ಹೋದ ಊರ ಮಕ್ಕಳು ಅಲ್ಲಿಂದಲೇ ನೋಡುತ್ತಾರೆ. ಚಿತ್ರ ಅಲ್ಲಾಡುತ್ತದೆ, ಅರ್ಧ ಅಂಕಣ ಕಾಣುವುದಿಲ್ಲ, ನೆಟ್‌ವರ್ಕ್ ನಿಂತು ನಿಂತು ಬರುತ್ತದೆ. ಹಾಗಾಗಿ ಮೈಕಿನವನ ಮೇಲೆ ರೇಡಿಯೊ ಕಾಲದ ಭಾರವೇ ಬಿದ್ದಿದೆ: ಯಾರು ಒಳಗೆ ಹೋದ, ಎಷ್ಟು ಜನ ಉಳಿದರು, ಅಂಕ ಎಷ್ಟಾಯಿತು, ಎಲ್ಲ ಅವನೇ ಹೇಳಬೇಕು. ಅವನು ಹೇಳುತ್ತಾನೆ ಕೂಡ. ನಡುನಡುವೆ ಆಟ ಬಿಟ್ಟು ಶಾಮಿಯಾನದವರಿಗೆ, ಬಹುಮಾನದ ಢಾಲು ಕೊಟ್ಟವರಿಗೆ, ಎರಡನೆಯ ಬಹುಮಾನದ ದೇಣಿಗೆದಾರರಿಗೆ ಕೃತಜ್ಞತೆ ಓದುತ್ತಾನೆ. ಅಷ್ಟರಲ್ಲಿ ಇಬ್ಬರು ಔಟಾಗಿರುತ್ತಾರೆ. ಪುಣೆಯಿಂದ ಕಾಮೆಂಟ್ ಬರುತ್ತದೆ: 'ಅಣ್ಣಾ, ಸ್ಕೋರ್ ಹೇಳು ಮೊದಲ.'